ಬಂಟವಾಳದಿಂದ ಮೂಡಬಿದರೆಗೆ: ಹೆಸರಿಲ್ಲದೊಂದು ವಾದ್ಯದ ವಿಚಾರ

ದಕ್ಷಿಣ ಕನ್ನಡ ಜಿಲ್ಲೆಯನ್ನು ನೋಡಲೆಂದು ಬರುವವರು ಸಾಮಾನ್ಯವಾಗಿ ಮಂಗಳೂರಿನ ಕಡಲನ್ನು ಕಂಡು, ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನವನ್ನು ಮುಗಿಸಿ, ಘಟ್ಟವನ್ನು ಹತ್ತಿ ಹಿಂದಿರುಗಿಬಿಡುವರು. ನಡುವಣ ಊರುಗಳು ಅವರ ಪಾಲಿಗೆ ಬಸ್ಸು ನಿಂತು ಹೊರಡುವ ನಿಲ್ದಾಣಗಳು ಮಾತ್ರ. ಆದರೆ ಬಂಟವಾಳ, ಬೆಳ್ತಂಗಡಿ, ಮೂಡಬಿದರೆ ಎಂಬ ಮೂರು ಊರುಗಳನ್ನು ಒಂದೇ ಸುತ್ತಿನಲ್ಲಿ ನಿಧಾನವಾಗಿ ನೋಡಿ ಬಂದವನಿಗೆ, ಈ ನಾಡಿನ ಜೀವಾಳವು ಕಡಲಿನಲ್ಲಿಯೂ ಘಟ್ಟದಲ್ಲಿಯೂ ಇರುವಷ್ಟೇ ಈ ನಡುವಣ ಅಡಕೆಯ ತೋಟಗಳಲ್ಲಿಯೂ ಹಂಚಿನ ಮನೆಗಳಲ್ಲಿಯೂ ಇದೆಯೆಂಬುದು ಮನದಟ್ಟಾಗದೆ ಇರದು.

ಈ ಸಲದ ಮಳೆಗಾಲದ ಮೊದಲ ಅಬ್ಬರವು ತಗ್ಗಿ ಎರಡು ದಿನ ಬಿಸಿಲು ಕಾಣಿಸಿಕೊಂಡ ಸಮಯವನ್ನು ನೋಡಿ, ನಾವಿಬ್ಬರು ಈ ಸುತ್ತನ್ನು ಕೈಕೊಂಡೆವು. ಜತೆಗಿದ್ದವರು ತಂತಿವಾದ್ಯಗಳನ್ನು ಬಿಚ್ಚಿ ಸರಿಪಡಿಸುವ ಕೆಲಸದಲ್ಲಿ ಬಹುಕಾಲದಿಂದ ಪಳಗಿದ ಮಿತ್ರರು. ಬೆಳ್ತಂಗಡಿಯ ಸಮೀಪದ ಒಂದು ಮನೆಯ ಅಟ್ಟದಲ್ಲಿ ಹಳೆಯ ವಿದ್ಯುತ್ ಗಿಟಾರೊಂದು ಇದೆಯೆಂದೂ, ಅದರ ಮೈಮೇಲೆ ಎಲ್ಲಿಯೂ ತಯಾರಕರ ಹೆಸರಿಲ್ಲವೆಂದೂ, ಅದು ಯಾವ ದೇಶದ್ದು, ಇಟ್ಟುಕೊಳ್ಳತಕ್ಕದ್ದೋ ಮಾರತಕ್ಕದ್ದೋ ಎಂಬುದನ್ನು ನೋಡಿ ಹೇಳಬೇಕೆಂದೂ ಅವರಿಗೆ ಕರೆ ಬಂದಿದ್ದಿತು.

ಇಂಥ ವಾದ್ಯದ ಗೊಡವೆ ಗೃಹಸ್ಥರಿಗೇಕೆಂದು ವಾಚಕರು ಕೇಳಬಹುದು. ಈ ಜಿಲ್ಲೆಯ ಜನರು ತಲೆಮಾರುಗಳಿಂದ ಹೊರನಾಡಿಗೆ ದುಡಿಯಹೋದವರು. ಮುಂಬಯಿಯಿಂದಲೂ, ಹಡಗುಗಳ ಚಾಕರಿಯಿಂದಲೂ, ಆಮೇಲೆ ಕೊಲ್ಲಿ ದೇಶಗಳಿಂದಲೂ ಅವರು ಮನೆಗೆ ತಂದ ಗ್ರಾಮಫೋನು, ರೇಡಿಯೋ, ಹೊಲಿಗೆಯ ಯಂತ್ರ, ಕೈಗಡಿಯಾರ, ವಾದ್ಯಗಳು ಇಂದಿಗೂ ಎಷ್ಟೋ ಮನೆಗಳ ಅಟ್ಟದಲ್ಲಿ ಮುಸುಕು ಹಾಕಿ ಮಲಗಿವೆ. ತಂದವರು ಕಾಲವಾದ ಮೇಲೆ ವಸ್ತುವಿನ ಕಥೆ ಮೊದಲು ಅಳಿಯುವುದು; ಬಳಿಕ ಒಂದು ದಿನ ಗುಜರಿಯವನ ತಕ್ಕಡಿಯಲ್ಲಿ ವಸ್ತುವೂ ಅಳಿಯುವುದು. ಅದಕ್ಕೆ ಮುಂಚೆ ಅದೇನೆಂಬುದನ್ನು ಬಲ್ಲವರಿಂದ ತಿಳಿದುಕೊಳ್ಳುವುದು ಮನೆಯವರ ಕರ್ತವ್ಯಗಳಲ್ಲೊಂದಲ್ಲವೆ?

ಮಂಗಳೂರಿನಿಂದ ಹೊರಟವರಿಗೆ ಮೊದಲು ಸಿಗುವುದು ಬಂಟವಾಳ. ಹೆದ್ದಾರಿಯ ಮೇಲಿರುವ ಗದ್ದಲದ ಪೇಟೆಗೆ ಬಿ.ಸಿ. ರೋಡ್ ಎಂದು ಹೆಸರು. ಅದು 'ಬಂಟವಾಳ ಕ್ರಾಸ್ ರೋಡ್' ಎಂಬುದರ ಸಂಕ್ಷೇಪವೆಂಬುದು ಅಲ್ಲಿ ಬಸ್ಸು ಹತ್ತುವವರಲ್ಲಿಯೂ ಅನೇಕರಿಗೆ ಮರೆತುಹೋಗಿದೆ. ಹಳೆಯ ಪೇಟೆಯು ನೇತ್ರಾವತಿಯ ದಡದಲ್ಲಿ, ಓಣಿಯಂಥ ಬೀದಿಯ ಎರಡು ಮಗ್ಗುಲಲ್ಲಿ, ನದಿಗೆ ಬೆನ್ನುಹಾಕಿ ಕುಳಿತಿದೆ. ರಸ್ತೆಗಳು ಬಲಿಯುವ ಮುಂಚೆ ಘಟ್ಟದ ಮೇಲಣ ಮಾಲು ಇಲ್ಲಿಗೆ ಇಳಿದು, ಇಲ್ಲಿಂದ ದೋಣಿಗಳಲ್ಲಿ ಮಂಗಳೂರಿಗೆ ಹೋಗುತ್ತಿದ್ದಿತು. ಮಕ್ಕಳ ಸಾಹಿತ್ಯಕ್ಕೆ ಕನ್ನಡದಲ್ಲಿ ದಾರಿ ಮಾಡಿಕೊಟ್ಟ ಪಂಜೆ ಮಂಗೇಶರಾಯರು ೧೮೭೪ರಲ್ಲಿ ಹುಟ್ಟಿದುದು ಈ ಊರಿನಲ್ಲಿಯೇ. ಊರಿಗೆ ಅನ್ನವಿತ್ತ ನದಿಯೇ ೧೯೨೩ರಲ್ಲಿಯೂ ೧೯೭೪ರಲ್ಲಿಯೂ ಪೇಟೆಯೊಳಗೆ ನುಗ್ಗಿ ಬಂದುದನ್ನು ಹಿರಿಯರು ಕಥೆಯಾಗಿ ಹೇಳುತ್ತ ಬಂದಿರುವರು. ತುಳುವಿನಲ್ಲಿ ನೆರೆಗೆ 'ಬೊಳ್ಳ' ಎನ್ನುವರು. ಬೊಳ್ಳ ಬರುವ ಊರಿನಲ್ಲಿ ಬೆಲೆಯುಳ್ಳ ವಸ್ತುವಿಗೆ ಅಟ್ಟಕ್ಕಿಂತ ಸುರಕ್ಷಿತವಾದ ಸ್ಥಳವಿಲ್ಲ.

ಪರದೇಶದ ವಾದ್ಯವೊಂದನ್ನು ನಮ್ಮವರು ಕೈಗೆತ್ತಿಕೊಂಡರೆ ಏನಾಗಬಲ್ಲುದು ಎಂಬುದಕ್ಕೆ ಬಂಟವಾಳ ತಾಲೂಕಿನಷ್ಟು ಒಳ್ಳೆಯ ಉದಾಹರಣೆ ಬೇರೆಲ್ಲಿಯೂ ದೊರೆಯದು. ಇಲ್ಲಿನ ಸಜೀಪಮೂಡದಲ್ಲಿ ೧೯೪೯ರಲ್ಲಿ ನಾಗಸ್ವರದವರ ಮನೆಯೊಂದರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತು, ಬೆಲ್ಜಿಯಂ ದೇಶದವನೊಬ್ಬನು ೧೮೪೦ರ ದಶಕದಲ್ಲಿ ಕಂಡುಹಿಡಿದ ಆ ಹಿತ್ತಾಳೆಯ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರ ಕಚೇರಿ ನಡೆಯಿತು. ೨೦೦೪ರಲ್ಲಿ ಪದ್ಮಶ್ರೀ ಬಂದಿತು. ೨೦೧೯ರಲ್ಲಿ ಅವರು ಕಾಲವಾದರು. ಕಲ್ಯಾಣಿಯೋ ಕಾಂಭೋಜಿಯೋ ಕಿವಿಗೆ ಬಿದ್ದಾಗ, ಆ ಕೊಳವೆಯ ಮೇಲೆ ಯಾವ ಕಾರ್ಖಾನೆಯ ಮುದ್ರೆಯಿದೆಯೆಂದು ರಸಿಕರಾರೂ ಬಗ್ಗಿ ನೋಡಲಿಲ್ಲ.

ಬಿ.ಸಿ. ರೋಡಿನ ಬಳಿಯಲ್ಲಿಯೇ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ತುಳುನಾಡಿನ ಬದುಕಿನ ವಸ್ತುಗಳನ್ನು ಕೂಡಿಸಿಟ್ಟಿರುವರು. ಅಡುಗೆಮನೆಯ ಪಾತ್ರೆ, ಬೇಸಾಯದ ಉಪಕರಣ, ಅಳತೆಯ ಸಾಧನ, ದೀಪಗಳೆಂದು ಮನೆಯ ಮೂಲೆಯಿಂದ ಬಂದ ಸಾಮಾನುಗಳು ಅಲ್ಲಿ ಮಾನದಿಂದ ಕುಳಿತಿವೆ. ಇಂಥವನ್ನು ಮಾಡಿದ ಬಡಗಿ, ಕಮ್ಮಾರ, ಕುಂಬಾರರು ತಮ್ಮ ಹೆಸರನ್ನು ಕೆತ್ತುವ ಗೋಜಿಗೆ ಹೋದವರಲ್ಲ. ಹಿಡಿಯು ಎಲ್ಲಿ ಸವೆದಿದೆ, ತಳವು ಎಷ್ಟು ಕರಕಾಗಿದೆ ಎಂಬುದರಿಂದಲೇ ಆ ವಸ್ತುವಿನ ಆಯುಸ್ಸನ್ನೂ ಅದು ಮಾಡಿದ ಸೇವೆಯನ್ನೂ ಓದಿಕೊಳ್ಳಬೇಕು. ಬೆಳ್ತಂಗಡಿಯಲ್ಲಿ ನಮಗೆ ಬೇಕಾದ ವಿದ್ಯೆಯೂ ಇದೇ ಆಗಿದ್ದಿತು.

ಬಂಟವಾಳದಿಂದ ಈಶಾನ್ಯಕ್ಕೆ ಪುಂಜಾಲಕಟ್ಟೆಯ ಮೇಲಾಗಿ ಚಾರ್ಮಾಡಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿಯೇ ಬೆಳ್ತಂಗಡಿ ಇದೆ. ಮಳೆ ತೊಳೆದ ರಬ್ಬರು ತೋಟಗಳೂ, ತುಂಬಿದ ತೋಡುಗಳೂ, ಗುಡ್ಡದ ತಿರುವುಗಳೂ ಕಳೆದು ಊರು ಸಮೀಪಿಸಿದಂತೆ, ಘಟ್ಟದ ನೀಲಿಯನ್ನು ಹಿಂದಿಟ್ಟುಕೊಂಡು ಒಂಟಿಯಾಗಿ ಎದ್ದು ನಿಂತ ಕರಿಯ ಬಂಡೆಯೊಂದು ಕಣ್ಣಿಗೆ ಬೀಳುವುದು. ಅದಕ್ಕೆ ಹಿಂದೆ ನರಸಿಂಹಗಡವೆಂದು ಹೆಸರಿದ್ದಿತು. ೧೭೯೪ರಲ್ಲಿ ಟಿಪ್ಪು ಸುಲ್ತಾನನು ಮೇಲೆ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಕರೆದನು. ಊರವರು ಗಡಾಯಿಕಲ್ಲು ಎನ್ನುವರು. ಮೂರು ಹೆಸರುಗಳನ್ನೂ ಹೊತ್ತುಕೊಂಡು ಬಂಡೆಯು ತನ್ನ ಪಾಡಿಗೆ ತಾನು ಮಳೆಯಲ್ಲಿ ನೆನೆಯುತ್ತಿದೆ.

ನಾವು ಹೋದ ಮನೆಯು ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇದ್ದಿತು. ಮನೆಯೊಡತಿಯು ತುಳುವರು 'ಬಾಯಮ್ಮ' ಎಂದು ಆದರದಿಂದ ಕರೆಯುವಂಥ ಕೊಂಕಣಿ ಕ್ರೈಸ್ತ ಮನೆತನದ ಹಿರಿಯಾಕೆ. ಆಕೆಯ ಪತಿಯು ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಹಡಗಿನ ನಾವಿಕನೊಬ್ಬನಿಂದ ಆ ಗಿಟಾರನ್ನು ಕೊಂಡಿದ್ದರಂತೆ. ಊರಿಗೆ ಮರಳಿದ ಮೇಲೆ ನೆಂಟರಿಷ್ಟರ ಮದುವೆಗಳಲ್ಲಿ, ವಧೂವರರಿಗೆ ತೆಂಗಿನ ಹಾಲು ಹಚ್ಚುವ ರೋಸ್ ಸಮಾರಂಭಗಳಲ್ಲಿ ಅದನ್ನು ನುಡಿಸುತ್ತಿದ್ದರಂತೆ. ಅವರು ತೀರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕಾಲೇಜಿಗೆ ಹೋಗುವ ಮೊಮ್ಮಗನು ಅಟ್ಟದಿಂದ ಇಳಿಸಿ, ಹಳೆಯ ಸೀರೆಯ ಮುಸುಕನ್ನು ಬಿಡಿಸಿ, ಚಾವಡಿಯ ಮೇಜಿನ ಮೇಲೆ ಇಟ್ಟನು.

"ಹೆಸರಿಲ್ಲದ್ದಕ್ಕೆ ಕ್ರಯವಿಲ್ಲವಂತೆ, ಮಾಸ್ಟ್ರೇ," ಎಂದು ಅವನೇ ಮಾತು ತೆಗೆದನು. "ಪಟ್ಟಣದ ವ್ಯಾಪಾರಿಯೊಬ್ಬರು ನೋಡಿದ್ದಾರೆ. ಅಮೆರಿಕದ ದೊಡ್ಡ ಹೆಸರಿನ ಪಟ್ಟಿಯೊಂದನ್ನು ತರಿಸಿ ತಲೆಗೆ ಅಂಟಿಸಿದರೆ, ಕೊಳ್ಳುವವರನ್ನು ಅವರೇ ತೋರಿಸುತ್ತಾರಂತೆ. ನನ್ನ ಈ ವರ್ಷದ ಫೀಸು ಅದರಲ್ಲಿಯೇ ಮುಗಿಯುತ್ತದೆ."

ಹಿರಿಯಾಕೆಯು ಮೊಮ್ಮಗನನ್ನು ಗದರಲಿಲ್ಲ. "ಫೀಸು ಬೇಕಾದದ್ದು ನಿಜ," ಎಂದಷ್ಟೇ ಹೇಳಿ, "ಆದರೆ ಅವರು ಇರುವಾಗ ಇದಕ್ಕೆ ಹೆಸರು ಬೇಕಾಗಿರಲಿಲ್ಲ. ಇದು ಏನೆಂದು ನೀವು ಸರಿಯಾಗಿ ನೋಡಿ ಹೇಳಿ," ಎಂದು ಮಿತ್ರರ ಕಡೆಗೆ ತಿರುಗಿದರು.

ಮಿತ್ರರು ಆತುರಪಡಲಿಲ್ಲ. ಅವರು ನೋಡಿದ ಕ್ರಮವನ್ನು ಇಲ್ಲಿ ತುಸು ವಿಸ್ತಾರವಾಗಿ ಬರೆಯುವೆನು. ಇಂಥದೊಂದು ವಾದ್ಯ ಮನೆಯಲ್ಲಿರುವವರಿಗೆ ಇದರಿಂದ ಉಪಯೋಗವಾದೀತು. ನಮ್ಮ ವೀಣೆಯವರ ಮಾತನ್ನೇ ಬಳಸುವುದಾದರೆ, ಗಿಟಾರಿಗೂ ದಂಡಿ, ಬಿರಡೆ, ಮೇರು, ಮೆಟ್ಟು, ಕುದುರೆಗಳುಂಟು. ವಿದ್ಯುತ್ ಗಿಟಾರಿನಲ್ಲಿ ಬುರುಡೆಗೆ ಬದಲಾಗಿ ತಂತಿಗಳ ಕೆಳಗೆ 'ಪಿಕಪ್ಪು' ಎಂಬ ಅಂಗವಿರುವುದು. ಅಯಸ್ಕಾಂತಕ್ಕೆ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ಪಾಯಿತು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಅತಿಸಣ್ಣ ವಿದ್ಯುತ್ತು ಹುಟ್ಟುವುದು; ಅದನ್ನು ಧ್ವನಿವರ್ಧಕವು ದೊಡ್ಡದು ಮಾಡಿ ಕೇಳಿಸುವುದು. ೧೮೩೧ರಲ್ಲಿ ಫ್ಯಾರಡೆ ಎಂಬ ವಿಜ್ಞಾನಿಯು ತೋರಿಸಿಕೊಟ್ಟ ತತ್ತ್ವವೇ ಇದು. ನಮ್ಮ ಮನೆಯ ದೀಪಕ್ಕೆ ವಿದ್ಯುತ್ತನ್ನು ಕೊಡುವ ದೊಡ್ಡ ಯಂತ್ರಗಳೂ ಇದೇ ತತ್ತ್ವದಿಂದ ನಡೆಯುವವು.

ಮೊದಲು ಅವರು ನೋಡಿದುದು ಬಿರಡೆಗಳಿರುವ ತಲೆಯನ್ನು. ಅಲ್ಲಿ ಹೆಸರಿನ ತಗಡಿದ್ದು ಬಿದ್ದುಹೋಗಿದ್ದರೆ ಸಣ್ಣ ಮೊಳೆಯ ತೂತುಗಳಾದರೂ ಉಳಿಯಬೇಕು. ಅಂಟಿಸಿದ ಹೆಸರು ಕಳಚಿದ್ದರೆ ಬಣ್ಣದಲ್ಲಿ ಅದರ ನೆರಳಾದರೂ ಕಾಣಬೇಕು. ಎರಡೂ ಇರಲಿಲ್ಲ. ಎಂದರೆ ಈ ವಾದ್ಯವು ಹೆಸರನ್ನು ಕಳೆದುಕೊಂಡುದಲ್ಲ; ಕಾರ್ಖಾನೆಯಿಂದ ಹೆಸರಿಲ್ಲದೆಯೇ ಹೊರಟುದು. ಎರಡನೆಯದಾಗಿ ಮೇರುವಿನ ಮಗ್ಗುಲಲ್ಲಿಯೇ ಒಂದು ಹೆಚ್ಚಿನ ಮೆಟ್ಟು ಇದ್ದಿತು. ಇದನ್ನು 'ಸೊನ್ನೆಯ ಮೆಟ್ಟು' ಎನ್ನಬಹುದು. ತೆರೆದ ತಂತಿಯೂ ಅದರ ಮೇಲೆಯೇ ಕುಳಿತಿರುವುದು. ೧೯೬೦ರ ದಶಕದ ಜಪಾನಿನ ಗಿಟಾರುಗಳಲ್ಲಿ ಇದು ಸಾಮಾನ್ಯ. ಆದರೆ ಜರ್ಮನಿಯ ಎಷ್ಟೋ ಗಿಟಾರುಗಳಲ್ಲಿಯೂ ಇದು ಉಂಟಾದುದರಿಂದ ಇದೊಂದನ್ನೇ ನಂಬಿ ತೀರ್ಪು ಹೇಳಲಾಗದು.

ಮೂರನೆಯದು ಪಿಕಪ್ಪುಗಳು. ಹೊಳೆಯುವ ಲೋಹದ ಚೌಕಟ್ಟಿನೊಳಗೆ ಚಿನ್ನದ ಬಣ್ಣದ ಕೆತ್ತನೆಯ ತಗಡನ್ನು ಕೂಡಿಸಿದ ಎರಡು ಪಿಕಪ್ಪುಗಳು ಅದರಲ್ಲಿದ್ದವು. ಅವನ್ನು ನೋಡುತ್ತಲೇ ಮಿತ್ರರ ಮುಖ ಅರಳಿತು. 'ಗೋಲ್ಡ್ ಫಾಯಿಲ್' ಎಂದು ಈಗ ಬಲ್ಲವರು ಕರೆಯುವ ಈ ಬಗೆಯು ಜಪಾನಿನ ಟೈಸ್ಕೊ ಮೊದಲಾದ ಕಾರ್ಖಾನೆಗಳ ಗುರುತು. ನಮ್ಮ ವಿಶ್ವಮೋಹನ ಭಟ್ಟರೊಡನೆ ನುಡಿಸಿ ಗ್ರ್ಯಾಮಿ ಪ್ರಶಸ್ತಿಯನ್ನು ಹಂಚಿಕೊಂಡ ಅಮೆರಿಕದ ರೈ ಕೂಡರ್ ಎಂಬ ವಾದಕರು, ತಮ್ಮ ಹೆಸರುವಾಸಿಯಾದ ಗಿಟಾರಿಗೆ ಇಂಥ ಅಗ್ಗದ ಪಿಕಪ್ಪನ್ನೇ ಕೂಡಿಸಿಕೊಂಡರು; ಅಂದಿನಿಂದ ಅದರ ಮಾನವೇ ಬೇರೆಯಾಯಿತು.

ನಾಲ್ಕನೆಯದಾಗಿ ಹಿಂಬದಿ. ದಂಡಿಯನ್ನು ಮೈಗೆ ಬಿಗಿದ ನಾಲ್ಕು ತಿರುಪುಗಳನ್ನು ಸಡಿಲಿಸಿ ನೋಡಿದರೆ, ಒಳಗೆ ಮರದ ಪದರಗಳು ಎಣಿಸುವಂತೆ ಕಂಡವು. ಮೈಯು ಒಂದೇ ಹಲಗೆಯದಾಗಿರದೆ ಪ್ಲೈವುಡ್ಡಿನದಾಗಿದ್ದಿತು. ತಿರುಪುಗಳ ಅಳತೆಯು ಇಂಚಿನ ಲೆಕ್ಕಕ್ಕೆ ಒಗ್ಗದೆ ಮಿಲಿಮೀಟರಿನ ಲೆಕ್ಕಕ್ಕೆ ಒಗ್ಗಿತು. ಅಮೆರಿಕದ ಗಿಟಾರುಗಳ ನಾದವನ್ನು ಏರಿಳಿಸುವ ಗುಂಡಿಗಳ ಅಡಿಯಲ್ಲಿ, ತಯಾರಾದ ವರ್ಷವನ್ನು ತಿಳಿಸುವ ಅಂಕೆಗಳು ಒತ್ತಿರುವುದುಂಟು. ಇದರಲ್ಲಿ ಅವು ಇರಲಿಲ್ಲ. ಕೆಲವು ಜಪಾನಿನ ಗಿಟಾರುಗಳ ಹಿಂದಣ ತಗಡಿನ ಮೇಲೆ ದೇಶದ ಹೆಸರು ಒತ್ತಿರುವುದು. ಬೇರೆ ಕೆಲವಕ್ಕೆ ಕಾಗದದ ಚೀಟಿಯಷ್ಟೇ. ಇದರ ತಗಡು ಬರಿದು. ಆದರೆ ಅದರ ಅಂಚಿನಲ್ಲಿ, ಒಂದು ಕಾಲದಲ್ಲಿ ಚೀಟಿ ಇದ್ದುದನ್ನು ಸೂಚಿಸುವ ಅಂಟಿನ ಕಲೆಯೊಂದು ಮಸಕಾಗಿ ಉಳಿದಿದ್ದಿತು.

ಈ ಎಲ್ಲ ಗುರುತುಗಳನ್ನು ಕೂಡಿಸಿ ಮಿತ್ರರು ಹೇಳಿದರು: "ಬಾಯಮ್ಮಾ, ಇದು ಜಪಾನಿನದು. ೧೯೬೦ರ ದಶಕದ ನಡುವಿನಿಂದ ಕೊನೆಯೊಳಗೆ ಆದದ್ದು. ಯಾವ ಕಾರ್ಖಾನೆಯದೆಂದು ಪ್ರಮಾಣಮಾಡಿ ಹೇಳಲು ವಸ್ತುವಿನಲ್ಲಿ ಸಾಕ್ಷ್ಯವಿಲ್ಲ. ಇದಕ್ಕಿಂತ ಹೆಚ್ಚು ಯಾರಾದರೂ ಹೇಳಿದರೆ, ಸಾಕ್ಷ್ಯವೆಲ್ಲಿ ಎಂದು ಕೇಳಿ."

ಹೆಸರಿಲ್ಲದೆ ವಾದ್ಯವನ್ನು ಏಕೆ ಕಳುಹಿಸುತ್ತಿದ್ದರು ಎಂಬುದೂ ಕುತೂಹಲದ ವಿಷಯ. ಜಪಾನಿನಲ್ಲಿ ಗುಯಾಟೋನ್ ಎಂಬ ಸಂಸ್ಥೆಯ ಮೂಲವು ೧೯೩೩ರಷ್ಟು ಹಳೆಯದು. ಟೈಸ್ಕೊ ೧೯೪೬ರಲ್ಲಿಯೂ, ಮಾತ್ಸುಮೋತೊ ಎಂಬ ಬೆಟ್ಟದ ಸೀಮೆಯ ಊರಿನಲ್ಲಿ ಫುಜಿಗೆನ್ ೧೯೬೦ರಲ್ಲಿಯೂ ಆರಂಭವಾದವು. ಅದೇ ಊರಿನ ಮಾತ್ಸುಮೊಕು ಎಂಬ ಕಾರ್ಖಾನೆಯವರು ಮೊದಲು ಸಿಂಗರ್ ಹೊಲಿಗೆಯಂತ್ರಗಳಿಗೆ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದವರು. ಅದೇ ಕೈಗಳು ಬಳಿಕ ಗಿಟಾರನ್ನು ಹಿಡಿದವು. ೧೯೬೦ರ ದಶಕದಲ್ಲಿ ಅಮೆರಿಕದ ಹುಡುಗರಿಗೆಲ್ಲ ಗಿಟಾರಿನ ಹುಚ್ಚು ಹಿಡಿದಾಗ, ಅಲ್ಲಿನ ವರ್ತಕರು ಜಪಾನಿನಿಂದ ಅಗ್ಗದ ಮಾಲನ್ನು ತರಿಸಿ, ತಮಗೆ ತೋಚಿದ ಹೆಸರನ್ನು ಅಂಟಿಸಿ ಮಾರುತ್ತಿದ್ದರು. ಕೆಂಟ್, ಕಿಂಗ್‌ಸ್ಟನ್, ಸಿಲ್ವರ್‌ಟೋನ್ ಮೊದಲಾದ ಹೆಸರುಗಳ ಗಿಟಾರುಗಳಲ್ಲಿ ಹೀಗೆ ಬಂದವು ಬಹಳ. ಹೆಸರನ್ನು ವರ್ತಕನು ಹಾಕಿಕೊಳ್ಳಲೆಂದು ತಲೆಯನ್ನು ಬರಿದಾಗಿ ಬಿಡುವುದೂ ಉಂಟಾಗಿದ್ದಿತು. ಒಂದು ಕಾರ್ಖಾನೆಯವರು ಇನ್ನೊಂದರಿಂದ ಬಿಡಿಭಾಗಗಳನ್ನು ಕೊಳ್ಳುತ್ತಿದ್ದುದರಿಂದ ಗೊಂದಲವು ಇಮ್ಮಡಿಯಾಯಿತು. ೧೯೬೭ರಲ್ಲಿ ಟೈಸ್ಕೊವನ್ನು ಕವಾಯಿ ಸಂಸ್ಥೆಯವರು ಕೊಂಡರು. ದಶಕ ಮುಗಿಯುವ ಹೊತ್ತಿಗೆ ಆ ಹುಚ್ಚೂ ಇಳಿದು, ಎಷ್ಟೋ ತಯಾರಕರು ಬಾಗಿಲು ಮುಚ್ಚಿದರು. ಮಾಡಿದವರು ಹೋದರು, ಅವರು ಮಾಡಿದ ವಸ್ತುಗಳು ಲೋಕದ ಅಟ್ಟಗಳಲ್ಲಿ ಉಳಿದವು.

ಜಪಾನಿನ ತಂತಿವಾದ್ಯವು ನಮ್ಮ ಮನೆಗಳಿಗೆ ಬಂದುದು ಇದೇ ಮೊದಲೆಂದು ತಿಳಿಯಬಾರದು. ಟೈಪುರೈಟರಿನಂತೆ ಗುಂಡಿಗಳನ್ನು ಒತ್ತಿ ನುಡಿಸುವ ಬುಲ್‌ಬುಲ್ ತರಂಗವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಅದನ್ನು ಅಪ್ಪಟ ಹಿಂದುಸ್ಥಾನದ ವಾದ್ಯವೆಂದೇ ನಂಬಿದವರುಂಟು. ಅದರ ಮೂಲವು ೧೯೧೨ರಲ್ಲಿ ಜಪಾನಿನ ನಗೋಯಾ ಪಟ್ಟಣದ ಮೊರಿತಾ ಗೋರೊ ಎಂಬಾತನು ಕಂಡುಹಿಡಿದ 'ತೈಶೋಗೊತೊ' ಎಂಬ ವಾದ್ಯ. ಅದು ಇಲ್ಲಿಗೆ ಬಂದು, ಹೊಸ ಹೆಸರು ಪಡೆದು, ನಮ್ಮ ಹಾಡುಗಳನ್ನು ಕಲಿತು ನಮ್ಮದೇ ಆಗಿಬಿಟ್ಟಿತು. ಇದು ವಂಚನೆಯಲ್ಲ, ಬಳಕೆಯಿಂದ ತಾನಾಗಿ ಬಂದ ಹೆಸರು. ಮಾರುವ ಮುಂಚಿನ ರಾತ್ರಿ ಅಂಟಿಸುವ ಹೆಸರಿಗೂ ಇದಕ್ಕೂ ಇರುವ ಅಂತರವನ್ನು ಮಿತ್ರರು ಮೊಮ್ಮಗನಿಗೆ ವಿವರಿಸಿದರು. "ನೋಡು ಮಗಾ, ಪಟ್ಟಿಯನ್ನು ಅಂಟಿಸಿದರೆ ಬಲ್ಲವನು ಎರಡು ನಿಮಿಷದಲ್ಲಿ ಸುಳ್ಳನ್ನು ಹಿಡಿಯುತ್ತಾನೆ, ಅರಿಯದವನು ಮೋಸಹೋಗುತ್ತಾನೆ. ಇದ್ದದ್ದನ್ನು ಇದ್ದಂತೆ ಬರೆದು ಮಾರಿದರೆ, ಇಂಥದನ್ನೇ ಹುಡುಕುವವರು ಈಗ ಇದ್ದಾರೆ. ದೊಡ್ಡ ಮೊತ್ತವೆಂದು ನಾನು ಹೇಳಲಾರೆ, ಆದರೆ ಗುಜರಿಯ ಕ್ರಯಕ್ಕೆ ಹೋಗುವ ಮಾಲಲ್ಲ," ಎಂದರು. ಹುಡುಗನು ಉತ್ತರಕೊಡದೆ ತಿರುಪುಗಳನ್ನು ಬಟ್ಟಲಿನಲ್ಲಿ ಕೂಡಿಡುತ್ತಿದ್ದನು.

ನೋಡಿದುದಾಯಿತು, ಇನ್ನು ಕೇಳಬೇಕಷ್ಟೆ. ಆದರೆ ವಿದ್ಯುತ್ತಿನ ವಿಷಯದಲ್ಲಿ ಗೃಹಸ್ಥರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಗಿಟಾರಿನೊಳಗೆ ಅಪಾಯದ ವಿದ್ಯುತ್ತಿಲ್ಲ. ಅಪಾಯವಿರುವುದು ಹಳೆಯ ಧ್ವನಿವರ್ಧಕದಲ್ಲಿ. ಜಪಾನಿನ ಮನೆಗಳ ವಿದ್ಯುತ್ತು ೧೦೦ ವೋಲ್ಟಿನದು, ನಮ್ಮದು ೨೩೦ ವೋಲ್ಟಿನದು. ಅಲ್ಲಿನ ಬಳಕೆಗೆಂದು ಮಾಡಿದ ಧ್ವನಿವರ್ಧಕವನ್ನು ನಮ್ಮ ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುವುದು. ಹಿಂಬದಿಯ ಬರಹವನ್ನು ಓದದೆ ಚುಚ್ಚಬಾರದು. ಎರಡನೆಯದಾಗಿ, ಗಿಟಾರಿನ ತಂತಿಗಳು ಸಾಮಾನ್ಯವಾಗಿ ಧ್ವನಿವರ್ಧಕದ ಲೋಹದ ಮೈಗೆ ಜೋಡಿಕೊಂಡಿರುವುವು. ಅಲ್ಲಿ ದೋಷವಿದ್ದು ಅರ್ಥಿಂಗ್ ಇಲ್ಲದಿದ್ದರೆ ಆಘಾತವು ನೇರವಾಗಿ ನುಡಿಸುವವನ ಬೆರಳಿಗೇ ಬಂದು ತಗಲುವುದು. ಆದುದರಿಂದ ಹಳೆಯದನ್ನು ಬಲ್ಲ ಎಲೆಕ್ಟ್ರಿಷಿಯನ್ನನು ಪರೀಕ್ಷಿಸುವವರೆಗೆ ಉಪಯೋಗಿಸದಿರುವುದೇ ಲೇಸು. ಅಂದು ನಾವು ನೆರೆಮನೆಯ ಯುವಕನ ಹೊಸದಾದ ಸಣ್ಣ ಧ್ವನಿವರ್ಧಕವನ್ನು ತರಿಸಿಕೊಂಡೆವು.

ಮಿತ್ರರು ತುಕ್ಕು ಹಿಡಿದ ತಂತಿಗಳನ್ನು ತೆಗೆದು, ಮೆಟ್ಟುಗಳನ್ನು ಮೃದುವಾಗಿ ಉಜ್ಜಿ, ದಂಡಿಯ ಒಣಮರಕ್ಕೆ ಒಂದೆರಡು ಹನಿ ಎಣ್ಣೆಯನ್ನು ಸವರಿ, ಹೊಸ ತೆಳುತಂತಿಗಳನ್ನು ಏರಿಸಿದರು. ಸುರುಳಿಗಳ ಮೇಲೆ ಮೀಟರನ್ನು ಹಿಡಿದಾಗ ಕೆಲವು ಸಾವಿರ ಓಮ್ ತೋರಿಸಿತು. ಅರ್ಥಾತ್ ಒಳಗಣ ತಾಮ್ರವು ಎಲ್ಲಿಯೂ ತುಂಡಾಗಿರಲಿಲ್ಲ. ಗುಂಡಿಗಳನ್ನು ತಿರುಗಿಸಿದಾಗ ಹುರಿಗಡಲೆ ಹುರಿದಂತೆ ಚಟಪಟ ಸದ್ದಾಯಿತು. ಮಳೆ ಹೆಚ್ಚಾದ ನಾಡಿನಲ್ಲಿ ಇದು ಸಹಜ; ಅದಕ್ಕೆಂದೇ ಇರುವ ಸ್ಪ್ರೇಯನ್ನು ಹಾಯಿಸಿ ಹತ್ತಾರು ಸಲ ತಿರುಗಿಸಿದ ಮೇಲೆ ನಿಂತಿತು. ಬಳಿಕ ಅವರು ಶ್ರುತಿಮಾಡಿ ಮೀಟಿದರು.

ಆ ನಾದವನ್ನು ಹೇಗೆ ವರ್ಣಿಸಲಿ? ದುಬಾರಿ ಗಿಟಾರಿನ ದೀರ್ಘವಾದ, ತುಂಬಿದ ನಾದವಲ್ಲ. ಮೀಟಿದೊಡನೆ ದುಂಡಗೆ ಎದ್ದು, ಸ್ವಲ್ಪ ಪೊಳ್ಳಾಗಿ, ಮಾತನಾಡುವಂತೆ ನುಡಿದು ಬೇಗ ಅಡಗುವ ದನಿ. ಇಂಥ ಹಳೆಯ ಪಿಕಪ್ಪುಗಳೊಳಗಣ ಸುರುಳಿಗಳು ಮೇಣದಲ್ಲಿ ಬಿಗಿಯದವಾಗಿದ್ದರೆ, ಮೈಯ ಮೇಲೆ ಬೆರಳಿನಿಂದ ತಟ್ಟಿದ ಸದ್ದೂ ಧ್ವನಿವರ್ಧಕದಲ್ಲಿ ಕೇಳಿಸುವುದು. ಇದರಲ್ಲಿ ಹಾಗೆಯೇ ಆಯಿತು. ಕುಶಲಕರ್ಮಿಯು ಇದನ್ನು ದೋಷವೆನ್ನುವನು. ಆದರೆ ಸಣ್ಣ ಚಾವಡಿಯಲ್ಲಿ, ತಗ್ಗಿದ ದನಿಯಲ್ಲಿ, ಒಂಟಿ ಕೊರಳಿನ ಹಾಡಿಗೆ ಜತೆಯಾಗಲು ಇದಕ್ಕಿಂತ ಆಪ್ತವಾದ ನಾದವು ಬೇಕೆನಿಸಲಿಲ್ಲ. ತಂತಿಯನ್ನು ಮೆಟ್ಟಿನ ಮೇಲೆ ಪಕ್ಕಕ್ಕೆಳೆದರೆ ನಮ್ಮ ಗಮಕಕ್ಕೂ ಅದು ಒಲಿಯಿತು. ಹಿರಿಯಾಕೆಯು ಮೊದಲು ಸುಮ್ಮನೆ ಕುಳಿತಿದ್ದರು. ಮಿತ್ರರು ಕೊಂಕಣಿಯ ಮದುವೆಯ ಹಾಡಿನ ಧಾಟಿಯೊಂದನ್ನು ಹುಡುಕತೊಡಗಿದಾಗ, ತಪ್ಪಿದ ಕಡೆಯಲ್ಲಿ ತಾವೇ ಗುನುಗಿ ತಿದ್ದಿದರು. ಮೊಮ್ಮಗನು ಆ ಧಾಟಿಯನ್ನು ಅವರ ಬಾಯಿಂದ ಅದುವರೆಗೆ ಕೇಳಿರಲಿಲ್ಲವಂತೆ.

ಮಾರುವುದೋ ಇಡುವುದೋ ಎಂಬುದು ನಾವು ಹೊರಡುವಾಗಲೂ ತೀರ್ಮಾನವಾಗಿರಲಿಲ್ಲ. ಫೀಸಿನ ಚಿಂತೆಯು ಸಂಗೀತದಿಂದ ಪರಿಹಾರವಾಗುವಂಥದಲ್ಲ. ಮಾರಿದರೂ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಪಟ್ಟಿಯ ಮಾತು ಮತ್ತೆ ಬರಲಿಲ್ಲ. ಹುಡುಗನು ಒಂದು ಹಾಳೆಯನ್ನು ತಂದು, ಮಿತ್ರರು ಹೇಳಿದ ಗುರುತುಗಳನ್ನು ಒಂದೊಂದಾಗಿ ಬರೆದುಕೊಂಡು, ಕೊನೆಗೆ "ಅಜ್ಜಿ, ಅಜ್ಜ ಇದನ್ನು ಯಾವ ವರ್ಷ ತಂದದ್ದು?" ಎಂದು ಕೇಳಿದನು. ಆಕೆ ತನ್ನ ಮಗಳ ಬ್ಯಾಪ್ಟಿಸಮ್ಮಿನ ಲೆಕ್ಕ ಹಿಡಿದು ವರ್ಷವನ್ನು ಹೇಳಿದರು.

ಬೆಳ್ತಂಗಡಿಯಿಂದ ಗುರುವಾಯನಕೆರೆಯ ಮೇಲಾಗಿ ಮೂಡಬಿದರೆಗೆ ಹೋಗುವ ದಾರಿಯಲ್ಲಿ ವೇಣೂರು ಸಿಗುವುದು. ೧೬೦೪ರಲ್ಲಿ ಅಜಿಲ ಅರಸನು ನಿಲ್ಲಿಸಿದ, ಸುಮಾರು ೩೫ ಅಡಿಯ ಬಾಹುಬಲಿಯು ಫಲ್ಗುಣಿಯ ದಡದಲ್ಲಿ ಮಳೆಮೋಡಗಳ ಕೆಳಗೆ ಶಾಂತವಾಗಿ ನಿಂತಿರುವನು. ಅಲ್ಲಿ ಸ್ವಲ್ಪ ಹೊತ್ತು ನಿಂತು ನಾವು ಮುಂದುವರಿದೆವು.

ಮೂಡಬಿದರೆಯೆಂದರೆ ಮೂಡು ದಿಕ್ಕಿನ ಬಿದಿರು; ಸಂಸ್ಕೃತದಲ್ಲಿ ಬರೆದವರು ವೇಣುಪುರವೆಂದರು. ಬಸದಿಗಳೇ ಹದಿನೆಂಟುಳ್ಳ ಈ ಊರಿನಲ್ಲಿ ೧೪೩೦ರಲ್ಲಿ ಕಟ್ಟಿಸಿದ ಸಾವಿರಕಂಬದ ಬಸದಿಯು ಎಲ್ಲಕ್ಕೂ ಹಿರಿದು. ಕೆಳಗೆ ಶಿಲೆ, ಮೇಲೆ ಮರ; ಒಂದರ ಮೇಲೊಂದಾಗಿ ಇಳಿದ ಮಾಡುಗಳು ನೇಪಾಳದ ಗುಡಿಗಳನ್ನು ನೆನಪಿಗೆ ತರುವುವು. ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಊರವರು ಅಭಿಮಾನದಿಂದ ಹೇಳುವರು. ಕಂಬದಿಂದ ಕಂಬಕ್ಕೆ ನಡೆಯುತ್ತ ಹೋದ ಹಾಗೆ, ಒಂದರಲ್ಲಿ ಹಗ್ಗದಂತೆ ಹೆಣೆದ ಬಳ್ಳಿ, ಇನ್ನೊಂದರಲ್ಲಿ ತಿರುಗಣೆಯಲ್ಲಿ ಕಡೆದಂತಿರುವ ದುಂಡು, ಮತ್ತೊಂದರಲ್ಲಿ ಬರಿಯ ಪಟ್ಟಿಕೆಗಳು ಕಾಣಬರುವುವು. ಕೆತ್ತಿದ ಕೈಗಳು ಯಾರವೆಂದು ಪ್ರವಾಸಿಗೆ ತಿಳಿಯದು. ಆ ಕೈಗಳು ಬೇರೆ ಬೇರೆಯವೆಂಬುದು ಮಾತ್ರ ತಿಳಿಯುವುದು. ಮಿತ್ರರು ಒಂದು ಕಂಬದ ಅಂಚನ್ನು ಬೆರಳಿನಿಂದ ಸವರಿ ನೋಡುತ್ತ ಬಹಳ ಹೊತ್ತು ನಿಂತರು.

ಇದೇ ಊರಿನಲ್ಲಿ ಇನ್ನೊಂದು ಬಗೆಯ ಪಾಠವೂ ಉಂಟು. ಜೈನಾಗಮದ ಮಹಾಗ್ರಂಥಗಳಾದ ಧವಲ, ಜಯಧವಲಗಳ ತಾಳೆಯ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರು ಮೂಡಬಿದರೆಯವರು. ಅವರು ಕಾಯದೆ ಹೋಗಿದ್ದರೆ, ೧೯೩೯ರಿಂದ ಅಚ್ಚಾಗುತ್ತ ಬಂದ ಧವಲವು ಲೋಕಕ್ಕೆ ದೊರೆಯುತ್ತಿರಲಿಲ್ಲ. ಓಲೆಯ ಪ್ರತಿಗಳನ್ನು ಬರೆಯುತ್ತಿದ್ದವರಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದ್ದಿತು. ಗ್ರಂಥವು ಮುಗಿದ ಮೇಲೆ, ಇದನ್ನು ಇಂಥವರು, ಇಂಥ ದಿನ, ಇಂಥವರಿಗಾಗಿ ಬರೆದರೆಂದು ಒಂದೆರಡು ಸಾಲು ಸೇರಿಸುವರು. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಇದನ್ನು ಕಾಪಾಡಿರೆಂದು ಮುಂದಿನವರನ್ನು ಬೇಡಿಕೊಳ್ಳುವರು. ಆ ಸಾಲುಗಳಿಂದ ಗ್ರಂಥದ ಬೆಲೆ ಹೆಚ್ಚುವುದೆಂದು ಅವರು ಬರೆಯಲಿಲ್ಲ. ಮುಂದೆ ಕೈಗೆತ್ತಿಕೊಳ್ಳುವವನಿಗೆ ಸತ್ಯ ತಿಳಿದಿರಲಿ ಎಂಬಷ್ಟೇ ಅವರ ಆಶಯ.

ನಮ್ಮ ಮನೆಗಳ ವಸ್ತುಗಳಿಗೂ ಇಂಥ ಒಂದೆರಡು ಸಾಲು ಸಾಕು. ಗಿಟಾರಾಗಲಿ, ಹಾರ್ಮೋನಿಯಮ್ಮಾಗಲಿ, ಗೋಡೆಯ ಗಡಿಯಾರವಾಗಲಿ: ಯಾರು ತಂದರು, ಎಲ್ಲಿಂದ, ಯಾವ ವರ್ಷ, ಆಗ ಏನು ಕೊಟ್ಟರು, ಬಳಿಕ ಏನನ್ನು ರಿಪೇರಿ ಮಾಡಿಸಿದೆವು ಎಂಬಿಷ್ಟನ್ನು ಹಿರಿಯರು ಇರುವಾಗಲೇ ಕೇಳಿ ಬರೆದು, ವಸ್ತುವಿನ ಜತೆಯಲ್ಲಿಯೇ ಇಡಬೇಕು. ಅದರ ಹಳೆಯ ತಿರುಪು, ಗುಂಡಿಗಳನ್ನು ಬದಲಾಯಿಸಿದರೆ ತೆಗೆದುದನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಡಬೇಕು. ತಂತಿವಾದ್ಯವಾದರೆ ಮಳೆಗಾಲದಲ್ಲಿ ಹೊರಗೋಡೆಗೆ ಒರಗಿಸದೆ, ಅಡುಗೆಮನೆಯ ಹೊಗೆಯಿಂದಲೂ ದೂರವಾಗಿ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ ಒಳಕೋಣೆಯಲ್ಲಿ ಇಡಬೇಕು. ತಿಂಗಳಿಗೊಮ್ಮೆಯಾದರೂ ಬಿಚ್ಚಿ ಗಾಳಿಗೆ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವ ಯೋಚನೆಗೆ ಮುಂಚೆ ಒಂದು ಸಂಜೆ ಅದನ್ನು ಬಲ್ಲವರಿಂದ ನುಡಿಸಿ ಕೇಳಬೇಕು. ಅದರ ಬೆಲೆಯನ್ನು ಆಮೇಲೆ ಎಣಿಸಬಹುದು.

ಮೂಡಬಿದರೆಯಿಂದ ಮಂಗಳೂರಿಗೆ ನಾವು ಬಸ್ಸು ಹತ್ತುವಷ್ಟರಲ್ಲಿ ಮಳೆಯು ಮತ್ತೆ ಹಿಡಿದಿದ್ದಿತು. ಈ ಸುತ್ತಿಗೆ ಎರಡು ದಿನ ಸಾಕು, ಬಿ.ಸಿ. ರೋಡಿನಿಂದ ಹೊರಟರೆ ಬಸ್ಸುಗಳಿಗೆ ಬರವಿಲ್ಲ. ಹೋಗುವವರು ಮಳೆಗಾಲದ ನಡುವಣ ಬಿಡುವನ್ನೇ ಆರಿಸಿಕೊಳ್ಳಲಿ: ನದಿ ತುಂಬಿರುವುದು, ಗಡಾಯಿಕಲ್ಲಿನ ಮೇಲೆ ಮೋಡವಿರುವುದು, ಬಸದಿಯ ಕಂಬಗಳ ನಡುವೆ ಜನಸಂದಣಿ ಇರದು.